ಆಲೋಚನೆಗೆ ಒಡೆತನವುಂಟೆ?

ರನ್ನನ ಗದಾಯುದ್ಧದ ಬೀಜವು ಪಂಪಭಾರತದ 13ನೆಯ ಆಶ್ವಾಸದಲ್ಲಿದೆ ಎಂಬುದು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳೆಲ್ಲರೂ ಬಲ್ಲ ಸಂಗತಿ. ಪಂಪನ ಕಾಲದಲ್ಲಿ ಕಥಾವಸ್ತುವಿಗೂ ಕಟ್ಟಿನ ಚಾತುರ್ಯಕ್ಕೂ ಒಡೆತನವನ್ನು ಬರೆದುಕೊಡುವ ಕಾನೂನಿದ್ದಿದ್ದರೆ ರನ್ನನ ಲೇಖನಿಗೆ ಎಡೆಯಿರುತ್ತಿತ್ತೆ? ಗಣಕಯಂತ್ರದ ತಂತ್ರಾಂಶವನ್ನು ಕುರಿತ ಪೇಟೆಂಟ್ ವ್ಯಾಜ್ಯಗಳ ತಿರುಳು ಈ ಪ್ರಶ್ನೆಯಲ್ಲಿಯೇ ಅಡಗಿದೆ.

ತಂತ್ರಾಂಶವೆಂದರೆ ಯಂತ್ರಕ್ಕೆ ಬರೆದುಕೊಟ್ಟ ಆಜ್ಞೆಗಳ ಸರಣಿ. ಕೃತಿಸ್ವಾಮ್ಯವು ಆ ಬರವಣಿಗೆಯನ್ನು ಮಾತ್ರ ಕಾಯುತ್ತದೆ. ಅದೇ ಕಾರ್ಯವನ್ನು ಬೇರೆ ಬರವಣಿಗೆಯಿಂದ ಸಾಧಿಸುವವರನ್ನು ತಡೆಯುವುದಿಲ್ಲ. ಪೇಟೆಂಟಾದರೋ ಉಪಾಯವನ್ನೇ 20 ವರ್ಷಗಳ ಕಾಲ ಒಬ್ಬರ ಸ್ವತ್ತಾಗಿಸುತ್ತದೆ. ಇನ್ನೊಬ್ಬನು ಸ್ವಂತ ಬುದ್ಧಿಯಿಂದ ಅದನ್ನು ಕಂಡುಕೊಂಡರೂ ದಾವೆಗೆ ಗುರಿಯಾಗುತ್ತಾನೆ. ತಮ್ಮ ಬರವಣಿಗೆಯನ್ನು ಎಲ್ಲರಿಗೂ ತೆರೆದಿಟ್ಟು ಹಂಚುವ ಮುಕ್ತ ತಂತ್ರಾಂಶದವರಿಗೆ ಇದು ಪ್ರಾಣಸಂಕಟವಾಯಿತು. ಪ್ರತಿಯೊಂದು ಪ್ರತಿಗೂ ಶುಲ್ಕ ತೆರಬೇಕೆಂದರೆ ಹಂಚುವುದಾದರೂ ಹೇಗೆ?

2007ರಲ್ಲಿ ಅಮೆರಿಕದ ಮೈಕ್ರೋಸಾಫ್ಟ್ ಸಂಸ್ಥೆಯು, ಲಿನಕ್ಸ್ ಮೊದಲಾದ ಮುಕ್ತ ತಂತ್ರಾಂಶಗಳು ತನ್ನ 235 ಪೇಟೆಂಟುಗಳನ್ನು ಉಲ್ಲಂಘಿಸಿವೆಯೆಂದು ಸಾರಿತು. 2009ರಲ್ಲಿ, ಲಿನಕ್ಸನ್ನು ಬಳಸಿ ದಾರಿ ತೋರುವ ಉಪಕರಣಗಳನ್ನು ತಯಾರಿಸುತ್ತಿದ್ದ ಟಾಮ್‌ಟಾಮ್ ಎಂಬ ಡಚ್ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು. ಕಡತಗಳಿಗೆ ಉದ್ದನೆಯ ಹೆಸರಿಡುವ ವಿಧಾನವೂ ವಿವಾದದಲ್ಲಿ ಸೇರಿತ್ತು. ಮರುತಿಂಗಳೇ ಟಾಮ್‌ಟಾಮ್ ಹಣ ತೆತ್ತು ರಾಜಿ ಮಾಡಿಕೊಂಡಿತು. ಹಕ್ಕು ಯಾರದೆಂಬುದು ತೀರ್ಪಾಗಲೇ ಇಲ್ಲ.

ನಮ್ಮ ದೇಶವು ಬೇರೊಂದು ದಾರಿ ಹಿಡಿಯಿತು. 1970ರ ಪೇಟೆಂಟ್ ಅಧಿನಿಯಮಕ್ಕೆ 2002ರಲ್ಲಿ ತಂದ ತಿದ್ದುಪಡಿಯು ಗಣಿತದ ವಿಧಾನ, ವ್ಯಾಪಾರದ ವಿಧಾನ, ಆಲ್ಗರಿದಮ್, ಮತ್ತು ‘ಪರ್ ಸೇ’ ಗಣಕ ಕ್ರಮವಿಧಿಗಳನ್ನು ಪೇಟೆಂಟಿನಿಂದ ಹೊರಗಿಟ್ಟಿತು. ‘ಪರ್ ಸೇ’ ಎಂಬ ಲ್ಯಾಟಿನ್ ನುಡಿಗೆ ‘ತನ್ನಷ್ಟಕ್ಕೆ ತಾನೇ’ ಎಂದು ಅರ್ಥ. ಮುಂದಿನ ಜಗಳವೆಲ್ಲ ಈ ಎರಡು ಪದಗಳ ವ್ಯಾಖ್ಯಾನದ್ದೇ. 2004ರ ಡಿಸೆಂಬರಿನ ಸುಗ್ರೀವಾಜ್ಞೆಯು, ಯಂತ್ರಾಂಶದೊಡನೆ ಕೂಡಿದ ಕ್ರಮವಿಧಿಗೆ ಪೇಟೆಂಟ್ ಸಲ್ಲಬಹುದೆಂದಿತು. ಯಂತ್ರದೊಡನೆ ಕೂಡದೆ ದುಡಿಯುವ ಕ್ರಮವಿಧಿ ಎಲ್ಲಿದೆ? ಎಡಪಕ್ಷಗಳೂ ಮುಕ್ತ ತಂತ್ರಾಂಶದ ಪ್ರತಿಪಾದಕರೂ ವಿರೋಧಿಸಿದರು. 2005ರಲ್ಲಿ ಸಂಸತ್ತು ಹಳೆಯ ಪಾಠವನ್ನೇ ಉಳಿಸಿತು. 2015ರ ಆಗಸ್ಟಿನಲ್ಲಿ ಪೇಟೆಂಟ್ ಕಚೇರಿಯ ಮಾರ್ಗಸೂಚಿಯು ಬಾಗಿಲನ್ನು ಮತ್ತೆ ಸಡಿಲಿಸಿ, ಡಿಸೆಂಬರಿನಲ್ಲಿ ತಡೆಹಿಡಿಯಲ್ಪಟ್ಟಿತು. 2016ರಲ್ಲಿ ಹೊಸ ಯಂತ್ರಾಂಶವೂ ಇರಬೇಕೆಂಬ ನಿಯಮ ಬಂದಿತು. 2017ರಲ್ಲಿ ಅದೂ ಹೋಯಿತು. ತಾಂತ್ರಿಕ ಪರಿಣಾಮವನ್ನು ತೋರುವ ಆವಿಷ್ಕಾರವನ್ನು, ಕ್ರಮವಿಧಿಯನ್ನು ಅವಲಂಬಿಸಿದೆಯೆಂಬ ಕಾರಣಕ್ಕೇ ತಳ್ಳಿಹಾಕಲಾಗದೆಂದು ದೆಹಲಿ ಉಚ್ಚ ನ್ಯಾಯಾಲಯವು 2019ರಲ್ಲಿ ಹೇಳಿತು.

ಇದು ದೆಹಲಿಯವರ ಚರ್ಚೆಯೆಂದು ಬೆಂಗಳೂರಿನವರು ಸುಮ್ಮನಿರುವಂತಿಲ್ಲ. ಕಿಯೋನಿಕ್ಸ್ ಸಂಸ್ಥೆಯು ನೆಲೆಗೊಳಿಸಿದ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ವೈಟ್‌ಫೀಲ್ಡಿನಲ್ಲಿಯೂ ಎರಡು ಪಕ್ಷಗಳೂ ಒಂದೇ ಸೂರಿನಡಿ ಬಾಳುತ್ತಿವೆ. ಬಹುರಾಷ್ಟ್ರೀಯ ಕಂಪನಿಗಳ ಪೇಟೆಂಟುಗಳಿಗೆ ಇಲ್ಲಿನ ಎಂಜಿನಿಯರುಗಳು ದುಡಿಯುತ್ತಾರೆ. ಅವರ ಯಂತ್ರಗಳು ಬಹುಮಟ್ಟಿಗೆ ನಡೆಯುವುದು ಲಿನಕ್ಸಿನಿಂದ. ದೊಡ್ಡ ಸಂಸ್ಥೆಗೆ ವಕೀಲರಿದ್ದಾರೆ. ಬಾಡಿಗೆಯ ಕೋಣೆಯಲ್ಲಿ ಕುಳಿತು ಕನ್ನಡಕ್ಕೊಂದು ಉಪಕರಣವನ್ನು ಬರೆಯುವ ತರುಣನಿಗೆ ಒಂದು ನೋಟೀಸು ಸಾಕು, ಕೈಚೆಲ್ಲಲು.

ಶ್ರೀ ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ನೆನೆಯಿರಿ. ಅದನ್ನು ಅವರು ಕನ್ನಡಿಗರಿಗೆಲ್ಲ ಉಚಿತವಾಗಿ ಬಿಟ್ಟುಕೊಟ್ಟರು, ‘ನುಡಿ’ಯಲ್ಲಿ ಅದು ಸೇರಿತು, ಸರ್ಕಾರವೂ ಅದನ್ನೇ ಶಿಷ್ಟ ವಿನ್ಯಾಸವೆಂದು ಸ್ವೀಕರಿಸಿತು. ರಾಯರು ಬೇಲಿ ಹಾಕಿದ್ದರೆ, ಗಣಕದಲ್ಲಿ ಕನ್ನಡ ಬರೆಯುವವನು ಪ್ರತಿ ಅಕ್ಷರಕ್ಕೂ ಸುಂಕದ ಕಟ್ಟೆಯನ್ನು ದಾಟಬೇಕಾಗುತ್ತಿತ್ತು.

2018ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯೇ ಲಿನಕ್ಸಿನ ರಕ್ಷಣೆಗಾಗಿರುವ ಒಕ್ಕೂಟವನ್ನು ಸೇರಿ, 60,000ಕ್ಕೂ ಹೆಚ್ಚು ಪೇಟೆಂಟುಗಳನ್ನು ಅದರ ಸದಸ್ಯರಿಗೆ ತೆರೆದಿಟ್ಟಿತು. ಸಂತೋಷದ ಸಂಗತಿಯೇ. ಆದರೆ ಒಡೆಯನ ಔದಾರ್ಯವು ಬೇರೆ, ಪ್ರಜೆಯ ಹಕ್ಕು ಬೇರೆ. ಔದಾರ್ಯವು ನಾಳೆ ಬದಲಾದೀತು. ಹಕ್ಕನ್ನು ಕಾಯುವುದು ಕಾನೂನಿನ ಪಾಠ. ಆ ಎರಡು ಪದಗಳ ಮೇಲೆ ನಾವು ಕಣ್ಣಿಟ್ಟಿರಬೇಕು.