ಆರು ಸಿಲಿಂಡರು, ಎರಡು ಸೈಲೆನ್ಸರು

2023ರ ಅಕ್ಟೋಬರ್ ಕೊನೆಗೆ ಮುಂಬಯಿಯ ರಸ್ತೆಗಳಿಂದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು ನಿವೃತ್ತಿ ಹೊಂದಿದಾಗ ಹೊರನಾಡ ಕನ್ನಡಿಗರಾದ ನಾವೂ ಮನೆಯ ಹಿರಿಯರೊಬ್ಬರನ್ನು ಬೀಳ್ಕೊಟ್ಟಂತೆ ಮರುಗಿದೆವು. ಊರಿನಿಂದ ಬಂದವರನ್ನು, ಅವರ ಹಪ್ಪಳ ಸಂಡಿಗೆಯ ಡಬ್ಬಿಗಳ ಸಮೇತ, ಸ್ಟೇಷನ್ನಿನಿಂದ ಮನೆಗೆ ತಲುಪಿಸಿದ ಗಾಡಿಯದು. ಆದರೆ ಅದನ್ನು ತಯಾರಿಸಿದ ಕುರ್ಲಾದ ಕಾರ್ಖಾನೆಯಿಂದ ಮೊದಮೊದಲು ಹೊರಬಿದ್ದವು ಈ ಚಿಕ್ಕ ಕಾರುಗಳಲ್ಲ. ಡಾಡ್ಜ್, ಪ್ಲಿಮತ್, ಡಿಸೋಟೊ ಎಂಬ ಭಾರಿ ಅಮೆರಿಕನ್ ಕಾರುಗಳ ಬಿಡಿಭಾಗಗಳನ್ನು ತರಿಸಿ ಅಲ್ಲಿ ಜೋಡಿಸುತ್ತಿದ್ದರು. ಪದ್ಮಿನಿಗೆ ಇದ್ದುದು ನಾಲ್ಕು ಸಿಲಿಂಡರು, ಅವುಗಳಿಗೆ ಆರು.

ಈ ಕಾರ್ಖಾನೆಯ ಬೇರು ನಮ್ಮ ನಾಡಿನವರೆಗೂ ಹೋಗುತ್ತದೆ ಎಂಬುದನ್ನು ಮರೆಯುವಂತಿಲ್ಲ. 1930ರ ದಶಕದ ನಡುವಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯೂರೋಪು, ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ನೋಡಿಬಂದು, ಭಾರತದಲ್ಲಿಯೇ ಕಾರು ತಯಾರಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದರು. ಅದನ್ನು ಕೈಗೆತ್ತಿಕೊಂಡವರು ಉದ್ಯಮಿ ವಾಲ್‌ಚಂದ್ ಹೀರಾಚಂದ್. ಬೆಂಗಳೂರಿನಲ್ಲಿ ಕಾರ್ಖಾನೆ ತೆರೆಯಲು ಮೈಸೂರು ಸರ್ಕಾರ ನೆರವಿಗೆ ಮುಂದಾಗಿತ್ತು. ಯುದ್ಧದ ಕಾಲ, ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಕಾರಿನ ಬದಲು ಬೆಂಗಳೂರಿಗೆ 1940ರಲ್ಲಿ ವಿಮಾನದ ಕಾರ್ಖಾನೆ ಬಂತು. ಕಾರು ಕುರ್ಲಾಕ್ಕೆ ಹೋಯಿತು. ಅದೇ ವಾಲ್‌ಚಂದರ ಸಿಂಧಿಯಾ ಕಂಪನಿ ಹಡಗು ಕಟ್ಟಲು ಆರಿಸಿಕೊಂಡದ್ದು ವಿಶಾಖಪಟ್ಟಣವನ್ನು. ಅಲ್ಲಿ 1941ರ ಜೂನ್ 21ರಂದು ಬಾಬು ರಾಜೇಂದ್ರ ಪ್ರಸಾದರು ಶಂಕುಸ್ಥಾಪನೆ ಮಾಡಿದರು. ಮರುವರ್ಷ ಏಪ್ರಿಲ್ 6ರಂದು ಆ ಊರಿನ ಮೇಲೆ ಜಪಾನೀಯರ ಬಾಂಬು ಬಿತ್ತು. ಆದರೂ 1948ರಲ್ಲಿ ‘ಜಲ ಉಷಾ’ ಹಡಗು ನೀರಿಗಿಳಿಯಿತು. ಹೀಗೆ ಕುರ್ಲಾ, ಬೆಂಗಳೂರು, ವಿಶಾಖಪಟ್ಟಣ ಮೂರೂ ಒಂದೇ ಕನಸಿನ ಮೂರು ಕವಲುಗಳು.

ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಸುಮಾರು 350 ಕಿಲೋಮೀಟರು. ಮದರಾಸಿನಿಂದ ಕಲ್ಕತ್ತೆಗೆ ಹೋಗುವ ಹೆದ್ದಾರಿಯ ಈ ತುಂಡು ಬಹುಕಾಲ ಗಾಡಿಯ ಸತ್ವಪರೀಕ್ಷೆಯೇ ಆಗಿತ್ತು. ನಮ್ಮ ಭೀಮೆ, ಮಲಪ್ರಭೆ, ಘಟಪ್ರಭೆ, ತುಂಗಭದ್ರೆಯರನ್ನೆಲ್ಲ ಕೂಡಿಸಿಕೊಂಡು ಬರುವ ಕೃಷ್ಣೆಗೆ ವಿಜಯವಾಡದಲ್ಲಿ ಪ್ರಕಾಶಂ ಬ್ಯಾರೇಜು ಆದದ್ದು 1957ರಲ್ಲಿ. ಗೋದಾವರಿಗೆ ರಾಜಮಂಡ್ರಿಯಲ್ಲಿ ರಸ್ತೆ ಮತ್ತು ರೈಲು ಎರಡೂ ಹಾಯುವ ಸೇತುವೆ ಆದದ್ದು 1974ರಲ್ಲಿ. ಬಿಸಿಲು, ಧೂಳು, ಮಳೆಗಾಲದ ಕೆಸರುಗಳ ನಡುವೆ ಹೊರೆ ಹೊತ್ತು ನಿಧಾನವಾಗಿ ಎಳೆಯುವ ಗಾಡಿಗೆ ಆರು ಸಿಲಿಂಡರಿನ ಎಂಜಿನ್ ಹೇಳಿ ಮಾಡಿಸಿದಂತಿತ್ತು. ಷೆವರ್ಲೆ ಕಂಪನಿ 1929ರ ಮಾದರಿಗೇ ಆರು ಸಿಲಿಂಡರು ಕೊಟ್ಟು, ನಾಲ್ಕರ ಬೆಲೆಗೆ ಆರು ಎಂದು ಸಾರಿತು. ಅದರ ಮಾಲೀಕರಾದ ಜನರಲ್ ಮೋಟಾರ್ಸ್‌ನವರು ಮುಂಬಯಿಯ ಶಿವಡಿಯಲ್ಲಿ 1928ರಿಂದ 1954ರವರೆಗೆ ಗಾಡಿಗಳನ್ನು ಜೋಡಿಸಿದರು. 1954ರಲ್ಲಿ ಟಾಟಾದವರು ಜರ್ಮನಿಯ ಬೆಂಜ್ ಕಂಪನಿಯೊಂದಿಗೆ ಸೇರಿ ತಂದ ಲಾರಿಗಳಿಗೂ ಆರೇ ಸಿಲಿಂಡರು, ಆದರೆ ಡೀಸೆಲಿನವು. ವಿಜಯವಾಡದ ಬೆಂಜ್ ಸರ್ಕಲ್ ಎಂಬ ಹೆಸರು ಇಂದಿಗೂ ಆ ಕಾಲವನ್ನು ನೆನಪಿಗೆ ತರುತ್ತದೆ.

ಇಷ್ಟೊಂದು ಗಾಡಿ ಓಡುವಲ್ಲಿ ದುರಸ್ತಿಯವರು ಇರಲೇಬೇಕಷ್ಟೆ. ವಿಜಯವಾಡದಲ್ಲಿ 1960ರ ದಶಕದಲ್ಲಿ ರೂಪುಗೊಂಡ ಜವಾಹರ್ ಆಟೋ ನಗರ ಅಂಥವರದೇ ಒಂದು ಊರು. ಲಾರಿಯ ಬಾಡಿ ಕಟ್ಟುವವರು, ಪಟ್ಟೆ ಬಡಿಯುವವರು, ಲೇತ್ ಹಿಡಿದವರು, ವೆಲ್ಡಿಂಗಿನವರು, ಪೇಂಟಿನವರು ಎಲ್ಲರೂ ಒಂದೆಡೆ ನೆಲೆನಿಂತರು. ಒಂದು ಗಾಡಿಯ ಭಾಗವನ್ನು ಇನ್ನೊಂದಕ್ಕೆ ಹೊಂದಿಸುವ ವಿದ್ಯೆ ಇಂಥ ಕಡೆ ಬೆಳೆದದ್ದು ಪುಸ್ತಕದಿಂದಲ್ಲ, ಕೈಯಿಂದ ಕೈಗೆ. ಆರು ಸಿಲಿಂಡರಿನ ಕಾರಿಗೆ ಒಂದರ ಬದಲು ಎರಡು ಸೈಲೆನ್ಸರು ಕೂಡಿಸುವುದೂ ಈ ಬಗೆಯ ಕೈವಿದ್ಯೆಯೇ.

ಅದರ ಮರ್ಮವೇನು? ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕು ಎರಡು ಸುತ್ತು, ಅಂದರೆ 720 ಡಿಗ್ರಿ, ತಿರುಗುವಷ್ಟರಲ್ಲಿ ಆರೂ ಸಿಲಿಂಡರುಗಳು ಒಂದೊಂದು ಸಲ ಉರಿಯುತ್ತವೆ. ಪ್ರತಿ 120 ಡಿಗ್ರಿಗೆ ಒಂದರ ಸರದಿ. ಸಾಮಾನ್ಯವಾಗಿ ಆ ಸರದಿ 1, 5, 3, 6, 2, 4. ಹೊಗೆ ಬಿಡುವ ವಾಲ್ವು ಒಮ್ಮೆ ತೆರೆದರೆ ಸುಮಾರು 240 ಡಿಗ್ರಿಯವರೆಗೆ ತೆರೆದೇ ಇರುತ್ತದೆ. ಹಾಗಾಗಿ ಯಾವ ಹೊತ್ತಿನಲ್ಲಿ ನೋಡಿದರೂ ಹೆಚ್ಚುಕಡಿಮೆ ಎರಡು ಸಿಲಿಂಡರುಗಳು ಒಟ್ಟಿಗೆ ಹೊಗೆ ಬಿಡುತ್ತಿರುತ್ತವೆ. ಮದುವೆಮನೆಯ ಊಟದ ಚಪ್ಪರಕ್ಕೆ ಒಂದೇ ಬಾಗಿಲಿದ್ದು, ಎರಡು ಪಂಕ್ತಿಯವರು ಒಮ್ಮೆಗೇ ಎದ್ದರೆ ಆಗುವ ನೂಕುನುಗ್ಗಲೇ ಇಲ್ಲಿಯೂ ಆಗುತ್ತದೆ.

ಮೇಲಿನ ಸರದಿಯನ್ನು ಓದುಗರು ಇನ್ನೊಮ್ಮೆ ನೋಡಬೇಕು. 1, 3, 2 ಮುಂದಿನ ಮೂರು ಸಿಲಿಂಡರುಗಳು. 5, 6, 4 ಹಿಂದಿನ ಮೂರು. ಮುಂದಿನದೊಂದು, ಹಿಂದಿನದೊಂದು ಎಂದು ಸರದಿ ತಾನಾಗಿಯೇ ಅದಲು ಬದಲಾಗಿ ಬರುತ್ತದೆ. ಮುಂದಿನ ಮೂರಕ್ಕೆ ಒಂದು ಪೈಪು, ಹಿಂದಿನ ಮೂರಕ್ಕೆ ಇನ್ನೊಂದು ಕೊಟ್ಟರೆ ಪ್ರತಿ ಪೈಪಿನಲ್ಲೂ ಸರಿಯಾಗಿ 240 ಡಿಗ್ರಿಗೊಂದು ಉಸಿರು. ಒಬ್ಬರು ಹೊರಟ ಮೇಲೆಯೇ ಇನ್ನೊಬ್ಬರು. ಎಂಜಿನ್ನಿಗೆ ಹಿಂದಿನಿಂದ ಬರುವ ಒತ್ತಡ ತಗ್ಗುತ್ತದೆ, ಹಳೆಯ ಹೊಗೆ ಪೂರ್ತಿ ಹೊರಹೋಗಿ ಹೊಸ ಗಾಳಿಗೆ ಎಡೆಯಾಗುತ್ತದೆ. ಸಾಲಾಗಿ ಆರು ಸಿಲಿಂಡರುಳ್ಳ ಎಂಜಿನ್ನಿಗೆ ಎರಡು ಪೈಪು ಹೊಂದುವುದು ಈ ಲೆಕ್ಕಾಚಾರದಿಂದ, ಬರಿಯ ಶೋಕಿಗಲ್ಲ.

ಮಾಡುವ ಬಗೆ ಹೇಳಲು ಸುಲಭ. ಎಂಜಿನ್ನಿನ ಪಕ್ಕದ ಬೀಡುಕಬ್ಬಿಣದ ಮ್ಯಾನಿಫೋಲ್ಡನ್ನು ಮೂರನೆಯ ಮತ್ತು ನಾಲ್ಕನೆಯ ಸಿಲಿಂಡರುಗಳ ನಡುವೆ ಕತ್ತರಿಸಬೇಕು, ಇಲ್ಲವೇ ಒಳಗೆ ಅಡ್ಡಗೋಡೆ ಕೂಡಿಸಬೇಕು. ಆಮೇಲೆ ಎರಡನೆಯ ಬಾಯಿಯನ್ನು ಬೆಸೆಯಬೇಕು. ಕಷ್ಟವಿರುವುದು ಇಲ್ಲಿಯೇ. ಬೀಡುಕಬ್ಬಿಣವನ್ನು ಮೊದಲು ಚೆನ್ನಾಗಿ ಕಾಯಿಸಿ, ಬೆಸೆದು, ಆಮೇಲೆ ನಿಧಾನವಾಗಿ ಆರಲು ಬಿಡದಿದ್ದರೆ ಅದು ಬಿರುಕು ಬಿಡುತ್ತದೆ. ಎರಡನೆಯ ಪೈಪು ಬ್ರೇಕಿನ ಕೊಳವೆಗೂ ಪೆಟ್ರೋಲಿನ ಕೊಳವೆಗೂ ತಾಗದೆ ಸಾಗಬೇಕು. ಎಂಜಿನ್ ಅಲುಗುವುದರಿಂದ ಪೈಪನ್ನು ಬಿಗಿಯಾಗಿ ಕಟ್ಟದೆ ರಬ್ಬರಿನಲ್ಲಿ ತೂಗುಹಾಕಬೇಕು. ಪೈಪು ತೀರ ದಪ್ಪವಾದರೆ ಹೊಗೆಯ ಓಟ ಮಂದವಾಗಿ, ಏರಿನಲ್ಲಿ ಎಳೆಯುವ ಶಕ್ತಿಯೇ ಕುಂದುತ್ತದೆ. ಒಳಗೆ ಗಾಳಿ ಹೆಚ್ಚಿತೆಂದರೆ ಕಾರ್ಬ್ಯುರೇಟರಿನ ಜೆಟ್ಟನ್ನೂ ಹೊಂದಿಸಬೇಕು. ಇಲ್ಲವಾದರೆ ಪೆಟ್ರೋಲು ಸಾಲದೆ ವಾಲ್ವು ಸುಡುತ್ತದೆ. ಇನ್ನೊಂದು ತೊಡಕೂ ಉಂಟು. ಒಂದು ಲೀಟರು ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರು ನೀರು ಆವಿಯಾಗಿ ಹೊರಬರುತ್ತದೆ. ಎರಡು ಪೈಪುಗಳು ಒಂದರಷ್ಟು ಕಾಯುವುದಿಲ್ಲ. ಆವಿ ಒಳಗೇ ತಣಿದು ನಿಂತು ತುಕ್ಕು ಹಿಡಿಸುತ್ತದೆ. ವಿಶಾಖಪಟ್ಟಣದಂಥ ಉಪ್ಪುಗಾಳಿಯ ಊರಿನಲ್ಲಿ ಹೊರಗಿನಿಂದಲೂ ತುಕ್ಕು, ಒಳಗಿನಿಂದಲೂ ತುಕ್ಕು. ತೂತುಬಿದ್ದ ಪೈಪಿನಿಂದ ಗಾಡಿಯೊಳಕ್ಕೆ ನುಸುಳುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪ್ರಾಣ ತೆಗೆಯುವ ಶಕ್ತಿ ಮಾತ್ರ ಇದೆ.

ಅಮೆರಿಕದಲ್ಲಿ ಎರಡನೆಯ ಮಹಾಯುದ್ಧದ ನಂತರ ಹುಡುಗರು ಹಳೆಯ ಷೆವರ್ಲೆಗಳಿಗೆ ಈ ಕೆಲಸವನ್ನು ಹುಮ್ಮಸ್ಸಿನಿಂದ ಮಾಡಿದರು. ಕಂಪನಿಯೂ ಹಿಂದುಳಿಯಲಿಲ್ಲ. 1953ರ ಮೊದಲ ಕಾರ್ವೆಟ್ ಕಾರಿಗೆ ಅದೇ ಷೆವರ್ಲೆ ಆರು ಸಿಲಿಂಡರಿನ ಎಂಜಿನ್ನು, ಮೂರು ಕಾರ್ಬ್ಯುರೇಟರು, ಎರಡು ಪೈಪು. ಶಕ್ತಿ 150 ಅಶ್ವಬಲ. ಆ ವರ್ಷದ ಸಾಮಾನ್ಯ ಷೆವರ್ಲೆಯದು 115ರ ಒಳಗೇ ಇತ್ತು. ಆದರೆ ಆ ಹೆಚ್ಚಳವೆಲ್ಲ ಪೈಪಿನ ಪುಣ್ಯವಲ್ಲ; ಕ್ಯಾಮ್, ಕಾರ್ಬ್ಯುರೇಟರು, ಕಂಪ್ರೆಷನ್ ಎಲ್ಲದರ ಪಾಲೂ ಇತ್ತು. ಪೈಪೊಂದನ್ನೇ ಬದಲಿಸಿದರೆ ಸಿಗುವುದು ಅಲ್ಪ ಲಾಭ, ಬಹಳಷ್ಟು ಇಂಪಾದ ದನಿ.

ನಮ್ಮ ದೇಶದಲ್ಲಿ ಆ ಅಲ್ಪ ಲಾಭಕ್ಕೆ ಹಣ ಸುರಿಯುವ ಸ್ಥಿತಿ ಇರಲಿಲ್ಲ. ಆಮದಿಗೆ ಕಟ್ಟುಪಾಡು ಬಂತು; ಅಂಬಾಸಿಡರ್, ಫಿಯೆಟ್ ಎಂಬ ನಾಲ್ಕು ಸಿಲಿಂಡರಿನ ಗಾಡಿಗಳೇ ಮನೆಮಾತಾದವು. 1973ರಲ್ಲಿ ತೈಲದ ಬೆಲೆ ಏರಿದ ಮೇಲಂತೂ ದೊಡ್ಡ ಕಾರು ಸಾಕುವುದು ಆನೆ ಸಾಕಿದಂತಾಯಿತು. ಆಗ ನಮ್ಮ ಮೇಸ್ತ್ರಿಗಳು ಹುಡುಕಿದ ದಾರಿ ಬೇರೆ: ಪೆಟ್ರೋಲ್ ಎಂಜಿನ್ನನ್ನೇ ಇಳಿಸಿ ಡೀಸೆಲ್ ಎಂಜಿನ್ ಕೂಡಿಸುವುದು. ಅಲ್ಲಿ ಕಾರಿಗೆ ವೇಗ ಕೊಡಲು ಕೊಯ್ದರು. ಇಲ್ಲಿ ಕಾರಿನ ಜೀವ ಉಳಿಸಲು ಕೊಯ್ದರು. ಕೈಚಳಕ ಒಂದೇ, ಅಗತ್ಯ ಬೇರೆ.

ಈಗ ಕಾನೂನೂ ಬದಲಾಗಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಕೊಟ್ಟ ವಿವರಕ್ಕೆ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ನಡುರಾತ್ರಿ ಸೈಲೆನ್ಸರು ಕಿತ್ತು ಬೀದಿಯನ್ನೆಲ್ಲ ಎಬ್ಬಿಸುವವರನ್ನು ಕಂಡವರು ಇದನ್ನು ಸ್ವಾಗತಿಸಿಯೇ ಸ್ವಾಗತಿಸುತ್ತಾರೆ. 2021ರ ನಿಯಮವೊಂದು 50 ವರ್ಷ ಮೀರಿದ ಗಾಡಿಗಳಿಗೆ ಪಾರಂಪರಿಕ ವಾಹನವೆಂಬ ಮನ್ನಣೆ ನೀಡಿತು. ಆದರೆ ಷರತ್ತು ಇದೆ: ಗಾಡಿ ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಟು ಆಗಿರಬಾರದು.

ನಿಯಮ ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಅದರಿಂದ ಒಂದು ಅನ್ಯಾಯ ಆಗುತ್ತದೆ. ಅರಮನೆಯ ಷೆಡ್ಡಿನಲ್ಲಿ ಓಡದೆ ನಿಂತ ಕಾರು ಪರಂಪರೆ ಎನಿಸಿಕೊಳ್ಳುತ್ತದೆ. ಗೋದಾವರಿ ದಾಟಿ, ಕೃಷ್ಣೆ ದಾಟಿ, ಮೂರು ತಲೆಮಾರು ದುಡಿದು, ಅದಕ್ಕಾಗಿಯೇ ಎಂಜಿನ್ ಬದಲಿಸಿಕೊಂಡ ಕಾರು ಎನಿಸಿಕೊಳ್ಳುವುದಿಲ್ಲ. ಭಾರತದಲ್ಲಿ ಮೋಟಾರಿನ ಚರಿತ್ರೆಯೆಂದರೆ ಬಹುಪಾಲು ದುರಸ್ತಿಯ, ಮಾರ್ಪಾಟಿನ ಚರಿತ್ರೆ. ವಿಶ್ವೇಶ್ವರಯ್ಯನವರ ಯೋಜನೆ ಕಾಗದದ ಮೇಲಿತ್ತು, ಆದ್ದರಿಂದ ಉಳಿಯಿತು. ಆಟೋ ನಗರಗಳ ಮೇಸ್ತ್ರಿಗಳ ವಿದ್ಯೆ ಕೈಯಲ್ಲಿತ್ತು, ಕೈಯೊಂದಿಗೇ ಹೋಗುತ್ತಿದೆ.

ಆದ್ದರಿಂದ ನಮ್ಮ ಬಂಧುಗಳಲ್ಲಿ ಒಂದು ವಿನಂತಿ. ಮನೆಯಲ್ಲಿ ಹಳೆಯ ಆರು ಸಿಲಿಂಡರಿನ ಗಾಡಿ ಇದ್ದರೆ ಅದರ ಮೂಲ ಮ್ಯಾನಿಫೋಲ್ಡಿಗೆ ಗರಗಸ ಹಚ್ಚಬೇಡಿ. ಮೊದಲೇ ಬಿಚ್ಚಿಟ್ಟದ್ದಿದ್ದರೆ ಗುಜರಿಗೆ ಹಾಕಬೇಡಿ. ಗಾಡಿ ಮಾರಿ ಎಷ್ಟೋ ಕಾಲವಾಗಿದ್ದರೂ ಅದರ ಹಳೆಯ ಬಿಲ್ಲು, ಫೋಟೋ, ನೋಂದಣಿ ಪುಸ್ತಕಗಳನ್ನು ಜೋಪಾನವಾಗಿಡಿ. ಅದನ್ನು ದುರಸ್ತಿ ಮಾಡಿದ ಮೇಸ್ತ್ರಿ ಯಾವ ಊರಿನವನು, ಏನನ್ನು ಹೇಗೆ ಹೊಂದಿಸಿದ ಎಂಬುದನ್ನು ಹಿರಿಯರಿಂದ ಕೇಳಿ ನಾಲ್ಕು ಸಾಲು ಬರೆದಿಡಿ. ಅಷ್ಟಾದರೆ ಅವನ ಕೆಲಸಕ್ಕೂ ಒಂದು ಪುಟ ಸಿಕ್ಕಂತಾಗುತ್ತದೆ.