ಶಾಸನಮಾತೃಕೆಯೂ ಯಂತ್ರಮಾತೃಕೆಯೂ

ಹೇಮಾವತಿಯ ಉಗಮಸ್ಥಾನವೆನಿಸಿದ ಜಾವಳಿಯು ಸೇರಿರುವ ಮೂಡಿಗೆರೆ ಸೀಮೆಯಲ್ಲಿಯೇ ಅಂಗಡಿಯೆಂಬ ಗ್ರಾಮವೂ ಉಂಟು. ಸೊಸೆವೂರು, ಶಶಕಪುರ ಎಂಬ ಹೆಸರುಗಳಿಂದ ಪ್ರಸಿದ್ಧವಾದ ಈ ಊರು ಹೊಯ್ಸಳರ ಮೂಲಸ್ಥಾನವೆಂಬುದು ವಿದ್ವಾಂಸರಿಗೆ ಸುಪರಿಚಿತವಾದ ವಿಷಯ. ಈ ಪ್ರಾಂತದ ಶಾಸನಗಳನ್ನು ಬಿ. ಎಲ್. ರೈಸ್ ಅವರು 1901ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 6ನೆಯ ಸಂಪುಟವಾಗಿ ಪ್ರಕಟಿಸಿದರು. ಹೊಯ್ಸಳ ಶಾಸನಗಳನ್ನು ಸಾಲಾಗಿ ಓದುತ್ತ ಹೋದವರಿಗೆ ಒಂದಂಶವು ಬೇಗನೆ ಗೋಚರವಾಗುತ್ತದೆ. ದ್ವಾರಾವತೀಪುರವರಾಧೀಶ್ವರ, ಮಲೆಪರೊಳ್ಗಂಡ ಮೊದಲಾದ ಬಿರುದುಗಳ ಮಾಲೆಯು ಒಂದರಿಂದ ಮತ್ತೊಂದಕ್ಕೆ ಹೆಚ್ಚು ವ್ಯತ್ಯಾಸವಿಲ್ಲದೆ ಸಾಗುತ್ತದೆ. ಕಾಲ, ದಾನಿ, ದತ್ತಿಯ ವಸ್ತು, ಎಲ್ಲೆಕಟ್ಟು ಇವು ಬದಲಾಗುತ್ತವೆ. ಕೊನೆಯ ಶಾಪಶ್ಲೋಕಗಳು ಮತ್ತೆ ಅವೇ. ಕಲ್ಲಿಗೆ ಇಳಿಯುವ ಮುನ್ನ ಲೇಖಕನ ಓಲೆಯಲ್ಲಿಯೋ ನೆನಪಿನಲ್ಲಿಯೋ ಒಂದು ಮಾತೃಕೆಯಿದ್ದಿತೆಂದು ಊಹಿಸುವುದು ಅಸಂಗತವಲ್ಲ. ಆ ಮಾತೃಕೆಯಲ್ಲಿ ತುಂಬಿದ್ದ ಭಾಗಕ್ಕಿಂತ ಬರಿದಾಗಿ ಬಿಟ್ಟಿದ್ದ ಭಾಗವೇ ಹೆಚ್ಚು ಬೆಲೆಯುಳ್ಳದ್ದು. ದಾನಿಯ ಹೆಸರು ಬೀಳತಕ್ಕ ಸ್ಥಳ ಅದು.

ಮಾತೃಕೆಯಿಂದ ಪ್ರತಿಯೆತ್ತುವ ಈ ಕ್ರಮವು ಈಚೆಗೆ ಅನಿರೀಕ್ಷಿತವಾದೊಂದು ಕ್ಷೇತ್ರದಲ್ಲಿ ತಲೆದೋರಿದೆ. ಈಗ ಪ್ರತಿಯೆತ್ತುವುದು ಗ್ರಂಥವನ್ನಲ್ಲ, ಗಣಕಯಂತ್ರವನ್ನೇ. ಒಂದು ನಿಜವಾದ ಗಣಕದೊಳಗೆ ತಂತ್ರಾಂಶದ ಬಲದಿಂದ ತೋರುವ ಮತ್ತೊಂದು ಗಣಕಕ್ಕೆ ವರ್ಚುವಲ್ ಯಂತ್ರವೆಂದು ಹೆಸರು. ಅದರ ಡಿಸ್ಕು ಆತಿಥೇಯ ಗಣಕದಲ್ಲಿ ಸಾಮಾನ್ಯವಾಗಿ ಒಂದು ಕಡತ ಮಾತ್ರ. ಕಡತವನ್ನು ನಕಲು ಮಾಡಬಹುದಾದುದರಿಂದ ಯಂತ್ರವನ್ನೂ ನಕಲು ಮಾಡಬಹುದಾಯಿತು. ಐ.ಬಿ.ಎಂ. ಸಂಸ್ಥೆಯ ಕೇಂಬ್ರಿಜ್ ಕೇಂದ್ರದಲ್ಲಿ 1967ರಲ್ಲಿ ಬಳಕೆಗೆ ಬಂದ ಸಿ.ಪಿ.-40 ಈ ಪರಂಪರೆಯ ಮೊದಲನೆಯದು. ಇದಕ್ಕೆ ಶಾಸ್ತ್ರೀಯವಾದ ಲಕ್ಷಣವನ್ನು ಪೊಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬವರು 1974ರಲ್ಲಿ ನಿರೂಪಿಸಿದರು. ಲಿನಕ್ಸಿನಲ್ಲಿ ಇದು ನೆಲೆಗೊಂಡುದು ತಡವಾಗಿ. ಅವಿ ಕಿವಿಟಿಯವರು 2006ರಲ್ಲಿ ಪ್ರಕಟಪಡಿಸಿದ ಕೆ.ವಿ.ಎಂ. ಎಂಬ ಭಾಗವು 2007ರ ಫೆಬ್ರವರಿಯಲ್ಲಿ ಹೊರಬಂದ ಲಿನಕ್ಸ್ 2.6.20ರಲ್ಲಿ ಸೇರಿತು. ಫಾಬ್ರಿಸ್ ಬೆಲಾರ್ ಅವರು 2003ರಲ್ಲಿ ಹೊರತಂದ ಕ್ಯೂಎಮು ಅದಕ್ಕೆ ಜೊತೆಯಾಯಿತು.

ಒಂದು ಯಂತ್ರವನ್ನು ಅಣಿಮಾಡಿ, ಬೇಕಾದ ತಂತ್ರಾಂಶಗಳನ್ನೆಲ್ಲ ಅದರಲ್ಲಿ ಸ್ಥಾಪಿಸಿ, ಬಳಿಕ ಬೇಕೆಂದಾಗ ಅದರಿಂದ ಹತ್ತು ಪ್ರತಿಗಳನ್ನು ತೆಗೆಯುವುದು ಮೇಲುನೋಟಕ್ಕೆ ಸುಲಭವಾದ ಕೆಲಸ. ಸ್ಥಾಪಿಸುವುದೇನೋ ಸುಲಭವೇ, ಅಳಿಸುವುದು ಕಷ್ಟ. ಓಲೆಗರಿಗಳ ಸಂಪಾದನೆಯಲ್ಲಿ ತೊಡಗಿದವರಿಗೆ ಇದರ ಕಾರಣವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಲಿಪಿಕಾರನು ಗ್ರಂಥಾಂತ್ಯದಲ್ಲಿ ಸಂವತ್ಸರ, ಮಾಸ, ತಿಥಿಗಳನ್ನೂ ತನ್ನ ಹೆಸರನ್ನೂ ಬರೆಯುತ್ತಾನೆ. ನೂರು ವರ್ಷಗಳ ತರುವಾಯ ಮತ್ತೊಬ್ಬನು ಆ ಪ್ರತಿಯನ್ನು ನೋಡಿ ಬರೆಯುವಾಗ ಹಳೆಯವನ ತಿಥಿಯನ್ನೂ ಹೆಸರನ್ನೂ ಗ್ರಂಥಭಾಗವೆಂದೇ ಎಣಿಸಿ ಇಳಿಸಿಬಿಟ್ಟರೆ ಎರಡು ಓಲೆಕಟ್ಟುಗಳು ಒಬ್ಬನವೇ ಆಗಿ, ಒಂದೇ ಕಾಲದವಾಗಿ ತೋರುತ್ತವೆ. ಶಕವರ್ಷವಿಲ್ಲದೆ ಸಂವತ್ಸರವೊಂದೇ ಇದ್ದರಂತೂ ಅರುವತ್ತು ವರ್ಷಗಳ ಚಕ್ರದಲ್ಲಿ ಓದುಗನು ಸಿಕ್ಕಿಬೀಳುತ್ತಾನೆ.

ಯಂತ್ರದಲ್ಲಿಯೂ ಇಂಥ ಪುಷ್ಪಿಕೆಗಳುಂಟು. ಇಂದಿನ ಬಹುತೇಕ ಲಿನಕ್ಸ್ ವ್ಯವಸ್ಥೆಗಳು ಮೆಷೀನ್-ಐಡಿ ಎಂಬ ಕಡತದಲ್ಲಿ 32 ಅಂಕಾಕ್ಷರಗಳ ಒಂದು ಗುರುತನ್ನು ಇಟ್ಟುಕೊಳ್ಳುತ್ತವೆ. ಮಾತೃಕೆಯ ಈ ಗುರುತು ಪ್ರತಿಗಳಿಗೂ ಹೋದರೆ, ಅದನ್ನು ಆಧರಿಸಿ ಜಾಲದ ವಿಳಾಸವನ್ನು ಬೇಡುವ ವ್ಯವಸ್ಥೆಗಳಲ್ಲಿ ಎರಡು ಯಂತ್ರಗಳಿಗೆ ಒಂದೇ ವಿಳಾಸ ದೊರೆತು, ಪತ್ರವಾವುದು ಯಾರಿಗೆಂಬ ಗೊಂದಲವುಂಟಾಗುತ್ತದೆ. ವರ್ಟ್-ಕ್ಲೋನ್ ಎಂಬ ಸಾಧನವು ಯಂತ್ರದ ಹೊರವಿವರಣೆಯಲ್ಲಿ ಹೊಸ ಗುರುತನ್ನೂ ಹೊಸ ಜಾಲಸಂಖ್ಯೆಯನ್ನೂ ಬರೆಯುತ್ತದೆ, ನಿಜ. ಆದರೆ ಡಿಸ್ಕಿನ ಒಳಗನ್ನು ಅದು ಮುಟ್ಟುವುದಿಲ್ಲ. ಹೊದಿಕೆಯ ಮೇಲೆ ಹೊಸ ಹೆಸರು ಬರೆದು ಪುಷ್ಪಿಕೆಯನ್ನು ಹಾಗೆಯೇ ಬಿಟ್ಟಂತೆ ಇದು.

ಎಸ್.ಎಸ್.ಎಚ್. ಎಂಬ ಕ್ರಮದ ಗುಪ್ತಕೀಲಿಯ ವಿಷಯವು ಇನ್ನೂ ಗುರುತರವಾದದ್ದು. ದೂರದಿಂದ ಬಂದವನಿಗೆ ತಾನೇ ಆ ಯಂತ್ರವೆಂದು ಸಾಬೀತುಪಡಿಸುವ ಮುದ್ರೆಯುಂಗುರ ಅದು. ಮಾತೃಕೆಯಲ್ಲಿ ಅದು ಉಳಿದರೆ ಎಲ್ಲ ಪ್ರತಿಗಳ ಕೈಯಲ್ಲಿಯೂ ಒಂದೇ ಉಂಗುರ. ಒಂದು ಪ್ರತಿಯನ್ನು ವಶಪಡಿಸಿಕೊಂಡವನು ಉಳಿದವುಗಳ ವೇಷವನ್ನು ಧರಿಸಬಲ್ಲನು. ನಾಡಿಯಾ ಹೆನಿಂಜರ್ ಮೊದಲಾದವರು 2012ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಜಾಲದಲ್ಲಿ ಪರೀಕ್ಷಿಸಿದ ಎಸ್.ಎಸ್.ಎಚ್. ಯಂತ್ರಗಳ ಪೈಕಿ ನೂರಕ್ಕೆ 9.60ರಷ್ಟು, ಅಪಾಯಕರವೆಂದು ತೋರುವ ರೀತಿಯಲ್ಲಿ, ಇತರ ಯಂತ್ರಗಳ ಕೀಲಿಯನ್ನೇ ಹೊಂದಿದ್ದುವೆಂದು ತಿಳಿದುಬಂದಿತು. ಕಾರಖಾನೆಯಲ್ಲಿಯೇ ಇಟ್ಟ ಕೀಲಿ, ಮೊದಲ ಆರಂಭದ ಹೊತ್ತಿನಲ್ಲಿ ಯಾದೃಚ್ಛಿಕ ಸಂಖ್ಯೆಗಳ ಕೊರತೆ ಮುಂತಾದುವು ಇದಕ್ಕೆ ಕಾರಣಗಳು. ಸಮಾನದೋಷದಿಂದ ಸಮಾನಮೂಲವನ್ನು ಊಹಿಸುವ ಗ್ರಂಥಸಂಪಾದಕರ ವಿಧಾನವು ಈ ಸಂಶೋಧಕರ ವಿಧಾನಕ್ಕೆ ಬಹು ಸಮೀಪವಾದುದೆಂದು ಹೇಳಬಹುದು.

ದೋಷವು ಮೂಲದಲ್ಲಿಯೇ ಹೊಕ್ಕರೆ ಏನಾಗುವುದೆಂಬುದಕ್ಕೆ ಡೆಬಿಯನ್ನಿನ ಪ್ರಸಂಗವು ನಿದರ್ಶನ. 2006ರಲ್ಲಿ ಓಪನ್‌ಎಸ್‌ಎಸ್‌ಎಲ್ ಭಾಗದಲ್ಲಿ ಪರೀಕ್ಷಾಸಾಧನವೊಂದು ಆಕ್ಷೇಪಿಸಿತೆಂಬ ಕಾರಣದಿಂದ ಅಲ್ಪಭಾಗವೊಂದನ್ನು ತೆಗೆದುಹಾಕಲಾಯಿತು. ಅರ್ಥವಾಗದ ಪಾಠವನ್ನು ತಿದ್ದಿ ಕೆಡಿಸುವ ಲಿಪಿಕಾರನ ಕೆಲಸವೇ ಇದು. ಇದರಿಂದ ಒಂದೊಂದು ಬಗೆಯ ಯಂತ್ರದಲ್ಲಿ, ಒಂದೊಂದು ಜಾತಿಯ ಮತ್ತು ಅಳತೆಯ ಕೀಲಿಗೆ ಸಂಭವಿಸಬಹುದಾದ ರೂಪಗಳು 32,768ಕ್ಕೆ ಇಳಿದುವು. 2008ರ ಮೇ ತಿಂಗಳಿನಲ್ಲಿ ಲೂಸಿಯಾನೊ ಬೆಲ್ಲೊ ಅವರು ಕಂಡುಹಿಡಿದ ಈ ದೋಷವು ಬಹಿರಂಗವಾಯಿತು. ಮೂಲವನ್ನು ತಿದ್ದಿದರೆ ಸಾಲದಾಯಿತು. ಆ ಅವಧಿಯಲ್ಲಿ ಹುಟ್ಟಿದ ಕೀಲಿಗಳನ್ನೆಲ್ಲ ಹುಡುಕಿ ತೆಗೆಯಬೇಕಾಯಿತು.

ಪ್ರತಿಯೆತ್ತುವ ಬಗೆಗಳಲ್ಲಿ ಪೂರ್ಣಪ್ರತಿಯಲ್ಲದೆ ಮತ್ತೊಂದುಂಟು. ಕ್ಯೂಕೌ2 ಎಂಬ ಕಡತರೂಪದಲ್ಲಿ ಪ್ರತಿಯು ಮೂಲವನ್ನು ಆಧಾರವಾಗಿಟ್ಟುಕೊಂಡು, ತನ್ನಲ್ಲಿ ಬದಲಾದುದನ್ನು ಮಾತ್ರ ಬರೆದಿಟ್ಟುಕೊಳ್ಳುತ್ತದೆ. ಉಳಿದುದನ್ನು ಮೂಲದಿಂದಲೇ ಓದುತ್ತದೆ. ಸ್ಥಳವು ಬಹಳ ಉಳಿಯುತ್ತದೆ. ಆದರೆ ಆಧಾರವನ್ನು ಅನಂತರ ಯಾರಾದರೂ ತಿದ್ದಿದರೆ ಅದನ್ನು ನೆಚ್ಚಿದ ಪ್ರತಿಗಳು ಕೆಡುತ್ತವೆ. ಆದಕಾರಣ ಇಂಥ ಮೂಲವನ್ನು ಓದಲು ಮಾತ್ರ ಬರುವಂತೆ ಇಟ್ಟು ಮುಚ್ಚಿಬಿಡುವುದು ರೂಢಿ.

ಅಳಿಸುವ ಕೆಲಸಕ್ಕೆ ವರ್ಟ್-ಸಿಸ್‌ಪ್ರೆಪ್ ಎಂಬ ಸಾಧನವಿದೆ. ಕೀಲಿ, ಮೆಷೀನ್-ಐಡಿ, ದಿನಚರಿಯ ಕಡತಗಳು ಮೊದಲಾದುವನ್ನು ಅದು ತೆಗೆಯುತ್ತದೆ. ಬಳಕೆದಾರರ ಖಾತೆಗಳನ್ನು ಮಾತ್ರ ಕೇಳದ ಹೊರತು ತೆಗೆಯುವುದಿಲ್ಲ. ಯಾವುದು ಗ್ರಂಥ, ಯಾವುದು ಪುಷ್ಪಿಕೆ ಎಂಬ ವಿವೇಚನೆಯ ಒಂದು ಭಾಗ ಮನುಷ್ಯನ ಪಾಲಿಗೇ ಉಳಿದಿದೆ. ಅದರ ಕೈಪಿಡಿಯಲ್ಲಿಯೇ ಒಂದು ಎಚ್ಚರಿಕೆಯುಂಟು: ತೆಗೆದ ಕಡತಗಳ ಒಳಗಿದ್ದ ಅಂಶವು ಡಿಸ್ಕಿನ ಮೇಲೆ ಇನ್ನೂ ಇರಬಹುದು, ಅದನ್ನು ಸುಲಭವಾಗಿ ಮರಳಿ ಪಡೆಯಬಹುದು. ಹೆರೆದು ಹೊಸ ಬರಹ ಕೆತ್ತಿದ ಕಲ್ಲುಗಳಲ್ಲಿ ಓರೆಬೆಳಕು ಬಿದ್ದಾಗ ಹಳೆಯ ಅಕ್ಷರಗಳ ಗುರುತು ಕಾಣುವುದನ್ನು ಶಾಸನಜ್ಞರು ಬಲ್ಲರು. ಬಹಳ ಎಚ್ಚರವುಳ್ಳವರು, ಇದೇ ಕಾರಣದಿಂದ, ಅಳಿಸಿದ ಮೇಲೆ ಡಿಸ್ಕಿನ ಖಾಲಿ ಭಾಗವನ್ನೆಲ್ಲ ಸೊನ್ನೆಗಳಿಂದ ತುಂಬಿ, ಆಮೇಲೆ ಮಾತೃಕೆಯನ್ನು ಮುಚ್ಚುತ್ತಾರೆ.