ಕೂಡಿಸುವುದು, ಬಿಡಿಸುವುದು

ದಿನಪತ್ರಿಕೆಯ ಮೂಲೆಯಲ್ಲಿ ‘ನಾಳೆ ವಿದ್ಯುತ್ ವ್ಯತ್ಯಯ’ ಎಂಬ ಪ್ರಕಟಣೆ ಕಂಡಾಗ ನಾವು ಮೊದಲು ಹುಡುಕುವುದು ನಮ್ಮ ಬಡಾವಣೆಯ ಹೆಸರನ್ನು. ಇಲ್ಲವಾದರೆ ಸಮಾಧಾನ, ಇದ್ದರೆ ಗೊಣಗಾಟ. ಆ ಪ್ರಕಟಣೆಯ ಮೊದಲ ಸಾಲಿನಲ್ಲಿ ಬರುವ ‘ವಿದ್ಯುತ್ ಸ್ವೀಕರಣಾ ಕೇಂದ್ರ’ ಎಂಬ ಮಾತಿನ ಮೇಲೆ ಯಾರ ಕಣ್ಣೂ ನಿಲ್ಲುವುದಿಲ್ಲ. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನ್ನ ಕಣ್ಣೂ ಬಹುಕಾಲ ನಿಂತಿರಲಿಲ್ಲ. ಸಬ್‌ಸ್ಟೇಷನ್ನಿಗೆ ನಮ್ಮಲ್ಲಿ ದೊರೆತ ಹೆಸರು ಅದು. ಹೆಸರೇನೋ ಚೆನ್ನಾಗಿಯೇ ಇದೆ. ಆದರೆ ಅದು ಅರ್ಧ ಕಥೆಯನ್ನು ಮಾತ್ರ ಹೇಳುತ್ತದೆ ಎಂಬುದು ನನಗೆ ಮನವರಿಕೆಯಾದದ್ದು ಒಂದು ಮಳೆಯ ಸಂಜೆ.

ಅಂದು ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತಿದ್ದೆ. ಗಾಳಿ ಬೀಸಿತು, ದೀಪ ಹೋಯಿತು. ಒಂದು ಗಂಟೆ ಕಾದು, ಸಿಟ್ಟು ತಡೆಯಲಾರದೆ, ಕೊಡೆ ಹಿಡಿದು ಬಡಾವಣೆಯ ಅಂಚಿನ ಸಬ್‌ಸ್ಟೇಷನ್ನಿಗೇ ನಡೆದೆ. ಪಾಳಿಯಲ್ಲಿದ್ದ ಆಪರೇಟರು ನನ್ನ ಹಳೆಯ ಶಿಷ್ಯ. “ಕರೆಂಟು ಯಾಕಪ್ಪ ಹೋಯಿತು?” ಎಂದೆ. “ತಾನಾಗಿ ಹೋಗಲಿಲ್ಲ ಸಾರ್, ಬ್ರೇಕರು ತೆಗೆಯಿತು” ಎಂದ. ನಮ್ಮ ಹಿಂದಿನ ಬೀದಿಯಲ್ಲಿ ಕೊಂಬೆ ಮುರಿದು, ತಂತಿ ತುಂಡಾಗಿ ಮಳೆಯ ನೀರಿಗೆ ಬಿದ್ದಿತ್ತು. ಬಿದ್ದೊಡನೆ, ಒಂದು ಸೆಕೆಂಡು ಕಳೆಯುವ ಮುನ್ನವೇ, ಇಲ್ಲಿಯ ಬ್ರೇಕರು ಆ ಮಾರ್ಗವನ್ನು ಬೇರ್ಪಡಿಸಿತ್ತು. “ಹುಡುಗರು ಅದೇ ನೀರಿನಲ್ಲಿ ಆಡುತ್ತಿದ್ದರಂತೆ” ಎಂದು ಮೆಲ್ಲಗೆ ಹೇಳಿದ. ನನ್ನ ಬಾಯಿ ಕಟ್ಟಿತು. “ಲೈನ್‌ಮನ್ ‘ಲೈನ್ ಕ್ಲಿಯರ್’ ತೆಗೆದುಕೊಂಡು ಕಂಬ ಹತ್ತಿದ್ದಾನೆ. ಅವನು ಅದನ್ನು ಹಿಂತಿರುಗಿಸುವ ತನಕ ಮಂತ್ರಿಗಳೇ ಫೋನು ಮಾಡಿದರೂ ಚಾರ್ಜ್ ಮಾಡುವ ಹಾಗಿಲ್ಲ ಸಾರ್.”

ಅಂದಿನಿಂದ ಈ ವಿಷಯದ ಬೆನ್ನುಹತ್ತಿದೆ. ನಮ್ಮ ನಾಡಿನಲ್ಲಿ ಇದರ ದೊಡ್ಡ ಅಧ್ಯಾಯ ತೆರೆಯುವುದು 1902ರಲ್ಲಿ. ಕೋಲಾರದ ಚಿನ್ನದ ಗಣಿಗಳು ಅದುವರೆಗೆ ಉಗಿಯಂತ್ರಗಳನ್ನು ನಂಬಿದ್ದುವು. ಉಗಿಯ ಖರ್ಚೋ ವಿಪರೀತ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಕಾವೇರಿ ಧುಮುಕುವ ಶಿವನಸಮುದ್ರದಲ್ಲಿ ವಿದ್ಯುತ್ತನ್ನು ಹುಟ್ಟಿಸಿ ಗಣಿಗೆ ಒಯ್ಯುವ ಯೋಜನೆ ರೂಪುಗೊಂಡಿತು. 1901ರಲ್ಲಿ ಅವರು ತೀರಿಕೊಂಡರು. ಮರುವರ್ಷ ಜೂನ್ ತಿಂಗಳಲ್ಲಿ ವಿದ್ಯುತ್ತು ಹರಿಯಿತು. ಮಾರ್ಗದ ಉದ್ದ 92 ಮೈಲಿ, ಎಂದರೆ ಸುಮಾರು 148 ಕಿಲೋಮೀಟರು. ಆ ಕಾಲಕ್ಕೆ ಲೋಕದ ಅತಿ ಉದ್ದದ ಮಾರ್ಗಗಳಲ್ಲಿ ಅದೊಂದು. 1905ರಲ್ಲಿ ಅದೇ ಜಲಪಾತದ ಶಕ್ತಿಯಿಂದ ಬೆಂಗಳೂರಿನ ಬೀದಿದೀಪಗಳೂ ಬೆಳಗಿದುವು.

ಅಷ್ಟು ದೂರ ಸಾಗಿಸುವಾಗ ದಾರಿಯಲ್ಲೇ ಶಕ್ತಿ ಸೋರದಂತೆ ಕಾಯ್ದದ್ದು ಯಾವುದು? ಇಲ್ಲಿದೆ ಸಬ್‌ಸ್ಟೇಷನ್ನಿನ ಮೊದಲ ಗುಟ್ಟು. ಸಾವಿರ ರೂಪಾಯಿಯನ್ನು ಚಿಲ್ಲರೆಯಾಗಿ ಹೊತ್ತರೆ ಹೆಗಲು ಇಳಿಯುತ್ತದೆ, ನೋಟಾಗಿ ಒಯ್ದರೆ ಜೇಬಿಗೂ ಭಾರವಿಲ್ಲ. ವಿದ್ಯುತ್ತೂ ಹಾಗೆಯೇ. ವೋಲ್ಟನ್ನು ಇಮ್ಮಡಿಸಿದರೆ ಅಷ್ಟೇ ಶಕ್ತಿಗೆ ಪ್ರವಾಹ ಅರ್ಧವಾಗುತ್ತದೆ; ತಂತಿ ಕಾದು ಆಗುವ ನಷ್ಟ ಕಾಲುಭಾಗಕ್ಕೆ ಇಳಿಯುತ್ತದೆ. ಆದುದರಿಂದ ಶಿವನಸಮುದ್ರದಲ್ಲಿ ಟ್ರಾನ್ಸ್‌ಫಾರ್ಮರುಗಳು ಒತ್ತಡವನ್ನು ಮೂವತ್ತು ಸಾವಿರ ವೋಲ್ಟುಗಳಾಚೆಗೆ ಏರಿಸಿದುವು. ಗಣಿಯ ಬಳಿ ಬೇರೆ ಟ್ರಾನ್ಸ್‌ಫಾರ್ಮರುಗಳು ಅದನ್ನು ಇಳಿಸಿದುವು. ಕಬ್ಬಿಣದ ತಿರುಳಿಗೆ ಸುತ್ತಿದ ಎರಡು ಸುರುಳಿಗಳು. ಒಂದರ ಸುತ್ತು ಹೆಚ್ಚು, ಇನ್ನೊಂದರದು ಕಡಿಮೆ. ಚಲಿಸುವ ಭಾಗವಿಲ್ಲದೆಯೇ ಈ ನೋಟು-ಚಿಲ್ಲರೆಯ ವ್ಯವಹಾರವೆಲ್ಲ ನಡೆಯುತ್ತದೆ. ಇಂದು ನಮ್ಮಲ್ಲಿ 400 ಕಿಲೋವೋಲ್ಟಿನಿಂದ 220ಕ್ಕೆ, 66ಕ್ಕೆ, 11ಕ್ಕೆ ಎಂದು ಮೆಟ್ಟಿಲಿಳಿದು, ಕೊನೆಗೆ ಮನೆಗೆ 230 ವೋಲ್ಟು ತಲುಪುತ್ತದೆ.

ಇದು ಸ್ವೀಕರಣೆಯ ಕಥೆ. ಇನ್ನರ್ಧ ಬಿಡಿಸುವಿಕೆಯದು. ತಂತಿ ನೆಲಕ್ಕೆ ತಾಕಿದಾಗ ಪ್ರವಾಹ ಒಮ್ಮೆಲೆ ಉಕ್ಕುತ್ತದೆ. ರಿಲೇ ಎಂಬ ಕಾವಲುಗಾರ ಅದನ್ನು ಗುರುತಿಸಿ ಬ್ರೇಕರಿಗೆ ಅಪ್ಪಣೆ ಕೊಡುತ್ತದೆ; ಬ್ರೇಕರು ತೆರೆದುಕೊಂಡು, ನಡುವೆ ಏಳುವ ಕಿಡಿಯನ್ನು ನಂದಿಸುತ್ತದೆ. ಈ ಕಾವಲುಗಾರನಿಗೆ ಬಲ ಬರುವುದು ಮಾರ್ಗದ ವಿದ್ಯುತ್ತಿನಿಂದಲ್ಲ, ಪಕ್ಕದ ಕೋಣೆಯ ಬ್ಯಾಟರಿಗಳಿಂದ. ಊರೆಲ್ಲ ಕತ್ತಲಾದ ಗಳಿಗೆಯಲ್ಲೇ ಅದಕ್ಕೆ ಎಚ್ಚರ ಬೇಕಲ್ಲವೆ! ಅಂಗಳಕ್ಕೆ ಹರಡಿರುವ ಜಲ್ಲಿಯೂ ಅಂದಕ್ಕಲ್ಲ. ದೋಷದ ಪ್ರವಾಹ ನೆಲಕ್ಕಿಳಿದಾಗ ಅಲ್ಲಿ ನಿಂತವನ ಕಾಲಿಗೆ ಆಘಾತ ತಾಗದಂತೆ ಅದು ತಡೆಯುತ್ತದೆ.

ಶಿಂಷಾ 1940ರಲ್ಲಿ, ಜೋಗ 1948ರಲ್ಲಿ ಸೇರಿದುವು. ಒಂದು ತಂತಿಯಾಗಿದ್ದದ್ದು ಕ್ರಮೇಣ ಬಲೆಯಾಯಿತು, ಬಲೆ ರಾಜ್ಯಗಳನ್ನು ದಾಟಿತು. ಬಲೆಯಲ್ಲಿ ಸೇರಿದ ಯಂತ್ರಗಳೆಲ್ಲ ಭಜನೆಯ ತಾಳದಂತೆ, ಸೆಕೆಂಡಿಗೆ 50 ಆವರ್ತದ ಒಂದೇ ಲಯದಲ್ಲಿ ನಡೆಯಬೇಕು. ಲಯ ಬೇರೆಯಾದ ಎರಡು ಬಲೆಗಳನ್ನು ಹಾಗೇ ಕೂಡಿಸುವಂತಿಲ್ಲ. ದಕ್ಷಿಣದ ಬಲೆ ಬಹುಕಾಲ ಹೀಗೆ ಬೇರೆಯಾಗಿತ್ತು. 2003ರಲ್ಲಿ ಒಡಿಶಾದ ತಾಲ್ಚೇರಿನಿಂದ ನಮ್ಮ ಕೋಲಾರಕ್ಕೆ 1,300 ಕಿಲೋಮೀಟರಿಗೂ ಉದ್ದದ ಮಾರ್ಗ ಬಂದಿತು. ಅದರಲ್ಲಿ ಹರಿಯುವುದು ನೇರ ಪ್ರವಾಹ. ಅದಕ್ಕೆ ತಾಳದ ಹಂಗಿಲ್ಲ. ಕೋಲಾರದ ಕೇಂದ್ರ ಅದನ್ನು ದಕ್ಷಿಣದ ತಾಳಕ್ಕೆ ಹೊಂದಿಸಿ ಕೊಡುತ್ತದೆ. ಕಾವೇರಿಯ ವಿದ್ಯುತ್ತನ್ನು ಉಂಡ ಗಣಿಗಳು 2001ರಲ್ಲಿ ಮುಚ್ಚಿದುವು. ಎರಡೇ ವರ್ಷಕ್ಕೆ ಅದೇ ಜಿಲ್ಲೆ ಇಡೀ ದಕ್ಷಿಣಕ್ಕೆ ಬಾಗಿಲಾಯಿತು.

ಆ ಬಾಗಿಲಿನ ಬೆಲೆ ತಿಳಿದದ್ದು 2012ರ ಜುಲೈ 30 ಮತ್ತು 31ರಂದು. ಉತ್ತರದಲ್ಲಿ, ಬೀನಾ–ಗ್ವಾಲಿಯರ್ ಮಾರ್ಗದಲ್ಲಿ ಭಾರ ಮಿತಿಮೀರಿತು. ತಂತಿ ತುಂಡಾಗಿರಲಿಲ್ಲ; ಭಾರವನ್ನೇ ದೋಷವೆಂದು ಬಗೆದು ರಿಲೇ ಮಾರ್ಗವನ್ನು ಬಿಡಿಸಿತು. ಆ ಭಾರ ಪಕ್ಕದ ಮಾರ್ಗಗಳ ಮೇಲೆ ಬಿದ್ದು, ಅವೂ ಒಂದೊಂದಾಗಿ ಬಿಡಿಸಿಕೊಂಡುವು. ಎರಡನೆಯ ದಿನ ಉತ್ತರ, ಪೂರ್ವ, ಈಶಾನ್ಯಗಳು ಕತ್ತಲಾದುವು. ತೊಂದರೆಗೊಳಗಾದವರು 60 ಕೋಟಿಗೂ ಹೆಚ್ಚು ಜನ. ದಕ್ಷಿಣದ ಬಲೆ ಬೀಳಲಿಲ್ಲ. ಹೊರಗಿನೊಡನೆ ಅದಕ್ಕಿದ್ದ ದೊಡ್ಡ ನಂಟೆಲ್ಲ ನೇರ ಪ್ರವಾಹದ್ದಾಗಿತ್ತು. ಬಿಡಿಸುವ ವಿದ್ಯೆ ಎರಡಲಗಿನ ಕತ್ತಿ: ಬೇಡದಾಗ ಬಿಡಿಸಿದರೂ ಕೇಡು, ಬೇಕಾದಾಗ ಬಿಡಿಸದಿದ್ದರೂ ಕೇಡು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣವೂ ದೇಶದ ಒಂದೇ ತಾಳಕ್ಕೆ ಸೇರಿತು. ಕೂಡಿಕೆ ಹಿಗ್ಗಿದಷ್ಟೂ ಕಾವಲಿನ ಹೊಣೆಯೂ ಹಿಗ್ಗಿತು.

ಆ ಸಂಜೆ ಲೈನ್‌ಮನ್ ನೆನೆದು ತೊಪ್ಪೆಯಾಗಿ ಬಂದ. ಲೈನ್ ಕ್ಲಿಯರ್ ಹಿಂತಿರುಗಿಸಿ ಪುಸ್ತಕದಲ್ಲಿ ರುಜು ಹಾಕಿದ. ಶಿಷ್ಯ ಗಡಿಯಾರ ನೋಡಿ ವೇಳೆ ಬರೆದುಕೊಂಡು, ಆಮೇಲೆ ಗುಂಡಿ ತಿರುಗಿಸಿದ. ದೂರದಲ್ಲಿ ನಮ್ಮ ಬೀದಿ ಬೆಳಗಿತು. ಮನೆಗೆ ಹಿಂದಿನ ಬೀದಿಯಿಂದಲೇ ಹೋದೆ. ಹುಡುಗರು ಮತ್ತೆ ನೀರಿಗಿಳಿದಿದ್ದರು.